ಟ್ಯಾಂಕಿನ ಮೇಲೊಬ್ಬ ಆಪರೇಟರ್

ಮನೆ ಮೇಲಿನ ಟ್ಯಾಂಕು ತುಂಬಿತೆಂದು ತಿಳಿಯಲು ಬೆಂಗಳೂರಿನವರಿಗೆ ಒಂದು ಕಿವಿ ಸಾಕು. ಓವರ್‌ಫ್ಲೋ ಪೈಪಿನ ನೀರು ಪಕ್ಕದ ಮನೆಯ ತಗಡಿನ ಮೇಲೆ ದಬದಬ ಬೀಳುತ್ತದೆ, ಆ ಮನೆಯವರು "ಸಾರ್, ಮೋಟ್ರು!" ಎಂದು ಕೂಗುತ್ತಾರೆ, ನಾವು ಎದ್ದು ಸ್ವಿಚ್ ಆರಿಸುತ್ತೇವೆ. ತಂತಿಯಿಲ್ಲ, ಬ್ಯಾಟರಿಯಿಲ್ಲ, ಪಾಸ್‌ವರ್ಡ್ ಇಲ್ಲ. ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರನ್ನು ಕೂರಿಸಿದ ಕೀರ್ತಿ ನನ್ನದು.

ಅದೇನು ಸಾಮಾನ್ಯ ಸಾಮಾನಲ್ಲ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದದ್ದು. ಎರಡು ಕೋರ್, 240 ಮೆಗಾಹರ್ಟ್ಸ್ ವೇಗ, ವೈಫೈ, ಬ್ಲೂಟೂತ್, ಎಲ್ಲವೂ ಹೆಬ್ಬೆರಳಗಲದ ಡಬ್ಬಿಯೊಳಗೆ. ಕಣ್ಣು ಮಿಟುಕಿಸುವುದರೊಳಗೆ ಲಕ್ಷಗಟ್ಟಲೆ ಲೆಕ್ಕ ಮಾಡಿ ಮುಗಿಸುವ ಈ ಪಂಡಿತನಿಗೆ ನಾನು ವಹಿಸಿದ ಕೆಲಸ, ನೀರು ಎಲ್ಲಿವರೆಗಿದೆ ನೋಡಿ ಹೇಳು ಎಂಬುದು.

ಎಸ್‌ಪಿ ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಅಂಗಡಿಯವನು "ಎಷ್ಟು ಪೀಸು?" ಎಂದ. "ಎರಡು" ಎಂದೆ. ಅವನ ಮುಖ ಸಪ್ಪಗಾಯಿತು. ಆಮೇಲೆ ನನ್ನ ನರೆಗೂದಲನ್ನು ನೋಡಿ, "ಮಗನ ಪ್ರಾಜೆಕ್ಟಾ ಸಾರ್?" ಎಂದು ಕೇಳಿದ. ಹೌದೆಂದೆ. ನನಗೆ ಮಗನಿಲ್ಲ, ಇರುವ ಮಗಳು ಕಾಮರ್ಸು.

ನೀರಿನ ಮಟ್ಟ ತೋರಿಸುವುದಷ್ಟೇ ಮೊದಲಿನ ಉದ್ದೇಶ. ಆದರೆ ಇಷ್ಟು ಪಿನ್ನುಗಳು ಖಾಲಿ ಕೂತಿರುವಾಗ ಸುಮ್ಮನಿರಲು ಮನಸ್ಸು ಒಪ್ಪುತ್ತದೆಯೇ? ಉಷ್ಣತೆ ಅಳೆಯಲು ಡಿಎಚ್‌ಟಿ11 ಸೇರಿತು. ಅದು ಎರಡು ಡಿಗ್ರಿ ಅತ್ತಿತ್ತ ಹೇಳುತ್ತದೆ. ಅಷ್ಟು ಕರಾರುವಾಕ್ಕಾಗಿ ನನ್ನ ಅಂಗೈಯೂ ಹೇಳೀತು. ಗಡಿಯಾರ ಬಂತು. ಮೋಟರು ತಾನೇ ಓಡಿ ತಾನೇ ನಿಲ್ಲಲೆಂದು ರಿಲೇ ಬಂತು. ಅಮ್ಮ ಇದನ್ನೆಲ್ಲ ತಾಳ್ಮೆಯಿಂದ ನೋಡಿ, "ರಾಹುಕಾಲ ತೋರಿಸುತ್ತೇನೋ?" ಎಂದರು. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ ಎಂದು ಏಳು ದಿನದ್ದೂ ಬರೆದು ತುಂಬಿಸಿದೆ. ಇಡೀ ಯಂತ್ರದಲ್ಲಿ ಇವತ್ತಿಗೂ ಒಂದು ದೂರಿಲ್ಲದೆ ನಡೆಯುತ್ತಿರುವ ಭಾಗ ಅದೊಂದೇ.

ಟ್ಯಾಂಕಿನ ಹತ್ತಿರ ಒಂದು ಪೆಟ್ಟಿಗೆ, ಕೆಳಗೆ ಸಂಪಿನ ಹತ್ತಿರ ಇನ್ನೊಂದು. ಎರಡಕ್ಕೂ ಮಾತು ನಡೆಯಬೇಕು. ಆರ್‌ಸಿಸಿಯ ಕಂಬಿಗಳು ವೈಫೈಯನ್ನು ಕೆಳಗಿಳಿಯಲು ಬಿಡಲಿಲ್ಲ. ಹಾಗಾಗಿ ಲೋರಾ ತಂದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865-867 ಮೆಗಾಹರ್ಟ್ಸ್‌ನಲ್ಲಿ ಓಡುವ ರೇಡಿಯೋ. ಬಯಲಿನಲ್ಲಾದರೆ ಹಲವು ಕಿಲೋಮೀಟರ್ ದೂರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ಮನೆಯಲ್ಲಿ ಅದು ಮೂವತ್ತು ಅಡಿ ಇಳಿಯಬೇಕಿತ್ತು. ಇಳಿಯಿತು.

ಇನ್ನು ಹಲ್ಲಿಯ ವಿಷಯ.

ಟ್ಯಾಂಕಿನ ಮುಚ್ಚಳದೊಳಗೆ ಕೂರಿಸಿದ ಅಲ್ಟ್ರಾಸಾನಿಕ್ ಸೆನ್ಸರಿಗೆ ಎರಡು ಕಣ್ಣು. ನೋಡಲು ಕಣ್ಣು, ಕೆಲಸದಲ್ಲಿ ಒಂದು ಬಾಯಿ, ಒಂದು ಕಿವಿ. ಬಾಯಿ 40 ಕಿಲೋಹರ್ಟ್ಸ್‌ನಲ್ಲಿ, ಅಂದರೆ ನಮಗ್ಯಾರಿಗೂ ಕೇಳಿಸದ ದನಿಯಲ್ಲಿ, ಕೂಗುತ್ತದೆ. ನೀರಿಗೆ ಬಡಿದು ಬಂದ ಮಾರ್ದನಿಯನ್ನು ಕಿವಿ ಹಿಡಿಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದಾದ್ದರಿಂದ, ಹೋಗಿಬಂದ ಹೊತ್ತನ್ನು ಅದರಿಂದ ಗುಣಿಸಿ ಅರ್ಧ ಮಾಡಿದರೆ ನೀರು ಎಷ್ಟು ಕೆಳಗಿದೆ ಎಂಬುದು ಸಿಗುತ್ತದೆ. ಎದುರಿಗಿರುವುದು ಹತ್ತಿರ ಬಂದಷ್ಟೂ ಟ್ಯಾಂಕು ತುಂಬಿತೆಂದು ಅರ್ಥ. ಈ ಸೂತ್ರದಲ್ಲಿ ಹಲ್ಲಿಗೆ ಜಾಗವಿಲ್ಲ.

ಒಂದು ಬೆಳಗ್ಗೆ ಬಚ್ಚಲಿಂದ ಮಗಳು "ಅಪ್ಪಾ, ನೀರು ನಿಂತೋಯ್ತು!" ಎಂದು ಕೂಗಿದಳು. ಪರದೆ ನೋಡಿದೆ, ನೂರಕ್ಕೆ ನೂರು. "ಟ್ಯಾಂಕು ತುಂಬಿದೆ ಪುಟ್ಟಾ" ಎಂದೆ. "ನಲ್ಲೀಲಿ ಬರ್ತಿಲ್ಲ!" "ಹಾಗಾದ್ರೆ ನಲ್ಲಿ ಕೆಟ್ಟಿರಬೇಕು." ಸೋಪಿನ ನೊರೆಯಲ್ಲಿ ನಿಂತವಳ ಮಾತಿಗಿಂತ ಪರದೆಯ ಮಾತು ನನಗೆ ಹೆಚ್ಚಾಯಿತು. ಅಷ್ಟರಲ್ಲಿ ರಿಲೇ ಟಕ್ ಎಂದಿತು. ಪರದೆಯಲ್ಲಿ ನೂರು ಹೋಗಿ ಹನ್ನೊಂದು. ಮೋಟರು ಗುಂಯ್ ಎಂದಿತು. ಹಿಗ್ಗುವಷ್ಟರಲ್ಲಿ ಮತ್ತೆ ಟಕ್; ನೂರು. ಮೋಟರು ಬಂದ್. ಟಕ್, ಹನ್ನೊಂದು. ಟಕ್, ನೂರು.

ಸಾವಿರ ಲೀಟರಿನ ಟ್ಯಾಂಕು ಕ್ಷಣಕ್ಕೊಮ್ಮೆ ತುಂಬಿ ಬರಿದಾಗುತ್ತಿತ್ತು. ಅಡ್ಡಾದಿಡ್ಡಿ ಅಳತೆಗಳನ್ನು ಬಿಟ್ಟು ನಡುವಿನದನ್ನಷ್ಟೇ ಆರಿಸಿಕೊಳ್ಳುವಂತೆ ಪ್ರೋಗ್ರಾಂ ತಿದ್ದಿದೆ. ಹಲ್ಲಿಗೆ ಸಂಖ್ಯಾಶಾಸ್ತ್ರ ಬರದಿದ್ದರೂ ತಾಳ್ಮೆ ಅಪಾರ. ಅದು ನನ್ನ ಎಲ್ಲ ಅಳತೆಗಳೂ ಮುಗಿಯುವವರೆಗೆ ಕದಲದೆ ಕೂತಿತು.

ಕೊನೆಗೆ ಟಾರ್ಚು ಹಿಡಿದು ಮೇಲೆ ಹತ್ತಿ ಮುಚ್ಚಳದ ಸಂದಿಯಿಂದ ಬಗ್ಗಿ ನೋಡಿದರೆ, ಸೆನ್ಸರಿನ ಎರಡು ಕಣ್ಣಿನ ಪಕ್ಕದಲ್ಲಿ ಇನ್ನೆರಡು ಕಣ್ಣು. ಬೋರ್ಡಿನ ಬಿಸಿ ಹಿತವಾಗಿತ್ತೋ, ಹುಳ ಸಿಗುತ್ತಿತ್ತೋ, ಸ್ವಾಮಿಗಳು ಸೆನ್ಸರಿಗೆ ಬಾಲ ಅಡ್ಡಮಾಡಿ ಪವಡಿಸಿದ್ದರು. ಬಾಲ ಎತ್ತಿದರೆ ಕೆಳಗಿನಿಂದ ನನ್ನ ಹೆಂಡತಿ "ಆನ್ ಆಯ್ತು ರೀ!" ಬಾಲ ಇಳಿಸಿದರೆ "ಆಫ್ ಆಯ್ತು ರೀ!" ಒಂದು ಎಚ್‌ಪಿ ಮೋಟರನ್ನು ಬಾಲದ ತುದಿಯಿಂದ ನಡೆಸುತ್ತಿದ್ದ ಆ ಜೀವಕ್ಕೆ ತನ್ನ ಅಧಿಕಾರದ ಅರಿವೇ ಇರಲಿಲ್ಲ. ಹಲ್ಲಿ ತಲೆ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಎಂದು ಪಂಚಾಂಗದವರು ಪಟ್ಟಿ ಕೊಟ್ಟಿದ್ದಾರೆ. ಸೆನ್ಸರಿನ ಮೇಲೆ ಕೂತರೆ ಏನೆಂದು ಬರೆದಿಲ್ಲ. ನಾನು ಅಲ್ಲಿಂದಲೇ, "ಪ್ರೋಗ್ರಾಂನಲ್ಲಿ ಒಂದು ತಪ್ಪೂ ಇಲ್ಲ!" ಎಂದು ಘೋಷಿಸಿದೆ. ಹಲ್ಲಿ ಲೊಚಲೊಚ ಎಂದಿತು. ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಅಮ್ಮ ಬೆರಳಿಂದ ಗೋಡೆ ಕುಟ್ಟಿ "ಕೃಷ್ಣ ಕೃಷ್ಣ" ಎಂದು ಅದನ್ನು ಸತ್ಯವೆಂದು ಅನುಮೋದಿಸಿದರು.

ಸಂದಿಗೆ ಸ್ಪಂಜು ತುರುಕಿದೆ. ಹಲ್ಲಿ ಕೆಲಸ ಬಿಟ್ಟು ಹೋಯಿತು.

ಅಕ್ಕನ ಮಗ ಬಂದವನು, "ಮಾವ, ಇದಕ್ಕೊಂದು ಆ್ಯಪ್ ಮಾಡಿ, ಫಂಡಿಂಗ್ ಸಿಗುತ್ತೆ" ಎಂದ. ಈ ಊರಿನಲ್ಲಿ ಒಬ್ಬ ಮನುಷ್ಯ ಸುಮ್ಮನೆ ಖುಷಿಗೆಂದು ಏನೂ ಮಾಡುವ ಹಾಗಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಯಂತ್ರ ತಪ್ಪಿಲ್ಲದೆ ಓಡಿದ್ದು 2024ರ ಬೇಸಿಗೆಯಲ್ಲಿ. ಊರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಹೇಳಿದ ಬೇಸಿಗೆ ಅದು. ಸಂಪು ಸೊನ್ನೆ, ಟ್ಯಾಂಕು ಸೊನ್ನೆ ಎಂದು ಪರದೆ ಕರಾರುವಾಕ್ಕಾಗಿ ತೋರಿಸುತ್ತಿತ್ತು. ಒಂದು ಸೆಂಟಿಮೀಟರಿನ ವ್ಯತ್ಯಾಸವೂ ಇಲ್ಲ. ಮನೆಗೆಲಸಕ್ಕೆ ಬರುವಾಕೆ, ತಮ್ಮ ಓಣಿಯಲ್ಲಿ ಟ್ಯಾಂಕರಿಗೆ ಕೊಡಗಳ ಸಾಲು ಹಚ್ಚಿ ಬಂದವಳು, ನೆಲ ಒರೆಸುತ್ತಾ ಕೇಳಿದಳು: "ಅಣ್ಣಾ, ನೀರು ಯಾವತ್ತು ಬಿಡ್ತಾರೆ ಅಂತ ಇದು ಹೇಳುತ್ತಾ?"

ಹೇಳುವುದಿಲ್ಲ. ಕಾವೇರಿ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ಹಾದಿ ಸವೆಸಿ, ಮೂರು ಹಂತದ ಪಂಪುಗಳಲ್ಲಿ ಸುಮಾರು ಐನೂರು ಮೀಟರ್ ಮೇಲೇರಿ ಈ ಊರಿಗೆ ಬರುತ್ತಾಳೆ. ನಾನು ನೋಡಿಕೊಂಡಿದ್ದು ಕೊನೆಯ ಮೂವತ್ತು ಅಡಿ. ಅದೇ ವಾರ ಎದುರು ಮನೆಯವರು ಬೆಳಕು ಹರಿಯುವ ಮುಂಚೆ, ಗೇಟು ಮುಚ್ಚಿಕೊಂಡು, ಪೈಪು ಹಿಡಿದು ಕಾರು ತೊಳೆದರು. ಅದನ್ನು ಪತ್ತೆಹಚ್ಚುವ ಸೆನ್ಸರು ಎಸ್‌ಪಿ ರೋಡಿನಲ್ಲಿ ಸಿಕ್ಕಿದರೆ ಎಷ್ಟು ಪೀಸು ಬೇಕಾದರೂ ಕೊಳ್ಳುತ್ತೇನೆ.

ಇದನ್ನು ಓದಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ನನ್ನದೊಂದು ಕೋರಿಕೆ. 3.3 ವೋಲ್ಟಿನ ಕಡೆ ಏನು ಬೇಕಾದರೂ ಆಡಿಕೊಳ್ಳಿ, ಸುಟ್ಟರೆ ಬೋರ್ಡು ಸುಡುತ್ತದೆ. ರಿಲೇಯ ಆಚೆ ಇರುವ 230 ವೋಲ್ಟಿಗೆ ಮಾತ್ರ ಕೆಲಸ ಬಲ್ಲ ಎಲೆಕ್ಟ್ರೀಷಿಯನ್‌ನನ್ನು ಕರೆಯಿರಿ. ಅವನು ನಿಮ್ಮ ಪೆಟ್ಟಿಗೆಯನ್ನು ಹಿಂದೆಮುಂದೆ ತಿರುಗಿಸಿ, "ಐನೂರು ರೂಪಾಯಿ ಒಳಗೆ ಫ್ಲೋಟ್ ಸ್ವಿಚ್ ಬರುತ್ತಲ್ಲಾ ಸಾರ್" ಅನ್ನುತ್ತಾನೆ. ಅನ್ನಲಿ. ಕೂಲಿ ಕೊಟ್ಟು ಕಳಿಸಿ, ಟ್ಯಾಂಕಿನ ಮುಚ್ಚಳ ಸರಿಯಾಗಿ ಹಾಕಿ.