ಚಳಿಗಾಲದ ಕೈತೋಟವನ್ನು ಕೈಯಾರೆ ಕೆಡಿಸುವ ಕ್ರಮ

ಬೆಂಗಳೂರಿನಲ್ಲಿ ಚಳಿಗಾಲದ ಕೈತೋಟವನ್ನು ಹಾಳು ಮಾಡುವುದು ಹುಡುಗಾಟದ ಮಾತಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರಿನಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಹದಿನೈದು ಹದಿನಾರು ಡಿಗ್ರಿಯ ತಂಪು. ಸೇವಂತಿಗೆ, ಚೆಂಡುಹೂ, ಡೇಲಿಯ, ಪೆಟೂನಿಯ, ಸಾಲ್ವಿಯ ಎಲ್ಲವೂ ಬದುಕಿಯೇ ತೀರುತ್ತೇವೆಂದು ಹಟ ಹಿಡಿಯುವ ಹವೆ ಇದು. ಇಂಥ ಊರಿನಲ್ಲಿ ಒಂದು ಬಾಲ್ಕನಿಯನ್ನು ಸಂಕ್ರಾಂತಿಯೊಳಗೆ ಒಣಕಡ್ಡಿಯ ಪ್ರದರ್ಶನ ಮಾಡಬೇಕಾದರೆ ಶಿಸ್ತು ಬೇಕು, ಖರ್ಚು ಮಾಡುವ ಮನಸ್ಸು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಗಿಡಗಳ ಮೇಲೆ ಅತಿಯಾದ ಪ್ರೀತಿ ಬೇಕು. ಇವು ಮೂರೂ ಇದ್ದರೆ ಮುಂದೆ ಓದಿ.

ಹೆಜ್ಜೆ 1: ತಡ ಮಾಡಿ

ಪೆಟೂನಿಯ, ಫ್ಲಾಕ್ಸ್, ಪ್ಯಾನ್ಸಿಗಳ ಬೀಜ ಗಣೇಶನ ಹಬ್ಬಕ್ಕೂ ದಸರೆಗೂ ನಡುವೆ ಮಣ್ಣು ಸೇರಬೇಕು. ಬೀಜದಿಂದ ಹೂವಿಗೆ ಹೆಚ್ಚುಕಡಿಮೆ ಮೂರು ತಿಂಗಳ ದಾರಿ. ಆ ದಿನಗಳಲ್ಲಿ ಯಾವ ಕಾರಣಕ್ಕೂ ಕುಂಡ ಮುಟ್ಟಬೇಡಿ. ಮಳೆ ನಿಲ್ಲಲಿ ಎನ್ನಿ. ಪಿತೃಪಕ್ಷ ಕಳೆಯಲಿ ಎನ್ನಿ. ದೀಪಾವಳಿ ಮುಗಿಯಲಿ ಎನ್ನಿ. ಡಿಸೆಂಬರಿನಲ್ಲಿ ಬೀರುವಿನಿಂದ ಸ್ವೆಟರ್ ತೆಗೆಯುವಾಗ ಬೀಜದ ಪೊಟ್ಟಣವನ್ನೂ ತೆಗೆಯಿರಿ. ಈಗ ಬಿತ್ತಿದ್ದು ಮಾರ್ಚ್ ತಿಂಗಳಲ್ಲಿ ಮೊಗ್ಗಾಗಿ, 33 ಡಿಗ್ರಿ ಬಿಸಿಲಿನಲ್ಲಿ ಅಲ್ಲೇ ಬಾಡುತ್ತದೆ.

ಬಿತ್ತನೆಯಲ್ಲೂ ಎಚ್ಚರವಿರಲಿ. ಪೆಟೂನಿಯದ ಬೀಜ ಒಂದು ಗ್ರಾಮಿಗೆ ಸುಮಾರು 10,000 ಬರುತ್ತದೆ. ಮೊಳೆಯಲು ಅದಕ್ಕೆ ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ ಸುಮ್ಮನಾದರೆ ಅದು ಮೊಳೆತುಬಿಡುವ ಅಪಾಯವಿದೆ. ಹುರುಳಿಕಾಯಿ ಬೀಜ ಊರುವಷ್ಟು ಆಳಕ್ಕೆ ಹೂಳಿ. ಮೇಲಿನಿಂದ ಚೊಂಬಿನಲ್ಲಿ ನೀರು ಸುರಿಯಿರಿ. ಹತ್ತು ದಿನ ಕಾದು, ಪೊಟ್ಟಣ ಕೊಟ್ಟ ಅಂಗಡಿಯವನನ್ನು ಬೈಯಿರಿ.

ಹೆಜ್ಜೆ 2: ಬೇರೆಯವರ ಚಳಿಗಾಲವನ್ನು ತರಿಸಿಕೊಳ್ಳಿ

ಇಂಗ್ಲೆಂಡಿನ ತೋಟಗಾರಿಕೆ ವಿಡಿಯೊಗಳನ್ನು ರಾತ್ರಿ ಕೂತು ನೋಡಿ. ಅಲ್ಲಿ ಡಿಸೆಂಬರ್ ಹೊತ್ತಿಗೆ ಮರಗಿಡಗಳು ಬೋಳಾಗುತ್ತವೆ. ಕೆಂಪು ಕಡ್ಡಿಯ ಡಾಗ್‌ವುಡ್ ಪೊದೆ, ಹಾಲಿಯ ಹಣ್ಣು, ಹಿಮದಲ್ಲಿ ತಲೆ ಎತ್ತುವ ಸ್ನೋಡ್ರಾಪ್ ಇಷ್ಟರಲ್ಲೇ ಅವರು ಬಣ್ಣ ಹುಡುಕಬೇಕು. ನಿಮ್ಮ ಬೀದಿಯಲ್ಲಿ ಟಬೂಬಿಯ ಮರ ಗುಲಾಬಿ ಬಣ್ಣ ಸುರಿಸುತ್ತಿದ್ದರೂ ಕಿಟಕಿ ಮುಚ್ಚಿ ಡಾಗ್‌ವುಡ್ ಎಲ್ಲಿ ಸಿಗುತ್ತದೆಂದು ಹುಡುಕಿ.

ವಿಡಿಯೊದಲ್ಲಿ ಹೇಳಿದಂತೆ ಗಿಡಗಳನ್ನು ಹಿಮದಿಂದ ಕಾಪಾಡಿ. ಬೆಂಗಳೂರಿನ ಚಳಿಯ ದಾಖಲೆ 1884ರ ಜನವರಿ 13ರದು, 7.8 ಡಿಗ್ರಿ. ನೀರು ಹೆಪ್ಪುಗಟ್ಟಲು ಅಂದೂ ಸುಮಾರು ಎಂಟು ಡಿಗ್ರಿ ಬಾಕಿ ಇತ್ತು. ಆದರೆ ಎಚ್ಚರಿಕೆಗೆ ಮಿತಿ ಏಕೆ? ಕುಂಡಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಬಿಗಿಯಿರಿ. ಬೆಳಗಿನ ಹನ್ನೊಂದರ ಬಿಸಿಲು ಒಳಗೆ ಸೇರಿ ಮಿಕ್ಕ ಕೆಲಸ ಮುಗಿಸುತ್ತದೆ.

ಇನ್ನು ಟ್ಯೂಲಿಪ್. ಅದರ ಗಡ್ಡೆಗೆ ಹೂ ಬಿಡುವ ಮುನ್ನ ಮೂರು ತಿಂಗಳಿಗೂ ಮೀರಿದ ಕೊರೆವ ಚಳಿ ಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಮೇಲ್ಗಡೆ ತೋಟ ಮಾಡಿದವರಿಗೆ ಆ ಚಳಿ ಪುಕ್ಕಟೆ ಸಿಗುತ್ತದೆ, ಮಾರ್ಚ್ ಕೊನೆಗೆ ಹೂವೂ ಸಿಗುತ್ತದೆ. ನಿಮಗೆ ಫ್ರಿಜ್ ಇದೆ. ಗಡ್ಡೆಗಳನ್ನು ದೋಸೆ ಹಿಟ್ಟಿನ ಡಬ್ಬಿಯ ಹಿಂದೆ, ಸೇಬುಹಣ್ಣಿನ ಪಕ್ಕದಲ್ಲೇ ಇಡಿ. ಮಾಗಿದ ಸೇಬು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಅಲ್ಲೇ ಕೊಲ್ಲುತ್ತದೆ. ಅತ್ತೆಯವರು ಅದನ್ನು ಈರುಳ್ಳಿಯೆಂದು ಹುಳಿಗೆ ಹೆಚ್ಚದಂತೆ ಮಾತ್ರ ನೋಡಿಕೊಳ್ಳಿ; ಟ್ಯೂಲಿಪ್ ಗಡ್ಡೆ ತಿಂದರೆ ಹೊಟ್ಟೆ ಕೆಡುತ್ತದೆ. ಈ ಕೈಪಿಡಿಯ ಗುರಿ ಗಿಡಗಳು ಮಾತ್ರ.

ಹೆಜ್ಜೆ 3: ಹೂವನ್ನು ಕೊಳ್ಳಿ, ಗಿಡವನ್ನಲ್ಲ

ಭಾನುವಾರ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ. ಮೊಗ್ಗು ತುಂಬಿದ ಗಿಡಗಳನ್ನು ದಾಟಿ ಮುಂದೆ ನಡೆಯಿರಿ. ಅವು ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಅರಳುತ್ತವೆ, ನಮಗೆ ಬೇಡ. ಮೈತುಂಬ ಅರಳಿ ನಿಂತದ್ದನ್ನೇ ಆರಿಸಿ. ಆಮೇಲೆ ಕೇಳಿ:

"ಏನಣ್ಣ, ಇದು ಎಷ್ಟು ದಿನ ಬರತ್ತೆ?"

"ನೀವು ಚೆನ್ನಾಗ್ ನೋಡ್ಕೊಂಡ್ರೆ ಬರತ್ತೆ ಮೇಡಂ."

ಈ ಉತ್ತರದಲ್ಲಿ ಅವನ ಜವಾಬ್ದಾರಿ ಮುಗಿಯಿತು, ನಿಮ್ಮದು ಶುರುವಾಯಿತು. ಇನ್ನೂರೈವತ್ತು ಹೇಳಿದರೆ ಇನ್ನೂರಕ್ಕೆ ಇಳಿಸಿ ಗೆದ್ದೆನೆಂದುಕೊಳ್ಳಿ. ಬೇರಿಗೆ ಗಾಳಿಯಾಡಲೆಂದು ಅವನು ಕೊಡುವ ಕೆಂಪುಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿಯ ಮಿಶ್ರಣ ಬೇಡವೆನ್ನಿ. ಎದುರು ಸೈಟಿನಲ್ಲಿ ಪಾಯ ಅಗೆದ ಮಣ್ಣು ಬಿದ್ದಿದೆಯಲ್ಲ, ಸಿಮೆಂಟಿನ ಚೂರು ಸಮೇತ ಅದನ್ನೇ ತನ್ನಿ.

ಹೆಜ್ಜೆ 4: ತೂತಿಲ್ಲದ ಕುಂಡ, ಮಿತಿಯಿಲ್ಲದ ನೀರು

ಸೋಫಾದ ಬಣ್ಣಕ್ಕೆ ಹೊಂದುವ ಪಿಂಗಾಣಿ ಕುಂಡ ಕೊಳ್ಳಿ. ತಳದಲ್ಲಿ ತೂತಿದ್ದರೆ ವಾಪಸ್ ಕೊಡಿ; ನೆಲದ ಟೈಲ್ಸ್ ಕೊಳೆಯಾಗುತ್ತದೆ. ಗಿಡವನ್ನು ನರ್ಸರಿಯ ಕಪ್ಪು ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಮೇತ ಅದರೊಳಗೆ ಇಳಿಸಿ ಸುತ್ತ ಬಿಳಿ ಕಲ್ಲು ಜೋಡಿಸಿ.

ಚಳಿಗಾಲದಲ್ಲಿ ಮಣ್ಣು ನಿಧಾನವಾಗಿ ಒಣಗುತ್ತದೆ. ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ ಎಂದು ತಿಳಿದವರು ಹೇಳುತ್ತಾರೆ. ಉಗುರಿನೊಳಗೆ ಮಣ್ಣು ಸೇರುವ ಈ ಪದ್ಧತಿ ಬಿಡಿ. ಬೆಳಗ್ಗೆ ನೀವು ಹಾಕಿ. ಹತ್ತು ಗಂಟೆಗೆ ಕೆಲಸದವರು ಹಾಕಲಿ. ಸಂಜೆ ಯಜಮಾನರು ಕಾಫಿ ಲೋಟ ತೊಳೆದ ನೀರು ಹಾಕಲಿ. ಯಾರು ಹಾಕಿದ್ದೆಂದು ಒಬ್ಬರನ್ನೊಬ್ಬರು ಕೇಳಬೇಡಿ. ನಾಲ್ಕು ದಿನದಲ್ಲಿ ಬೇರು ಉಸಿರುಕಟ್ಟಿ ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರೆಳೆಯದ ಕಾರಣ ಎಲೆ ಜೋತುಬೀಳುತ್ತದೆ. ನೋಡಿದವರಿಗೆ ಅದು ಬಾಯಾರಿದಂತೆಯೇ ಕಾಣುತ್ತದೆ. ಈ ಘಳಿಗೆ ನಿರ್ಣಾಯಕ. "ಅಯ್ಯೋ ಪಾಪ" ಎಂದು ಇನ್ನೊಂದು ಚೊಂಬು ಹಾಕಿ.

ಹೆಜ್ಜೆ 5: ಮುದ್ದು ಮಾಡಿ

ಯೂರಿಯ ತನ್ನಿ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಕುಂಡಕ್ಕೆ ಚಿಟಿಕೆ ಸಾಕೆಂಬುದು ಜಿಪುಣರ ಮಾತು; ಹಿಡಿ ತುಂಬ ಹಾಕಿ. ಬೇರು ಸುಟ್ಟುಹೋಗದೆ ಉಳಿದರೆ ಗಿಡ ಹಸಿರಾಗಿ ಕೊಬ್ಬುತ್ತದೆ, ಹೂವಿನ ಯೋಚನೆಯನ್ನೇ ಬಿಡುತ್ತದೆ. ಆ ಮೆದು ಕುಡಿಗಳನ್ನು ಹುಡುಕಿಕೊಂಡು ಹೇನು ಬರುತ್ತದೆ. ಬೇವಿನೆಣ್ಣೆ ಸಿಂಪಡಿಸುವ ಬದಲು ಹಿತ್ತಿಲ ಜಿರಳೆಗೆ ಹೊಡೆಯುವ ಸ್ಪ್ರೇ ಹೊಡೆಯಿರಿ. ಹೇನೂ ಸಾಯುತ್ತದೆ, ಎಲೆಯೂ ಸುಡುತ್ತದೆ, ನೀವೂ ಸ್ವಲ್ಪ ಹೊತ್ತು ಕೆಮ್ಮುತ್ತೀರಿ.

ಸೇವಂತಿಗೆಯ ಕುಡಿ ಚಿವುಟಬೇಡಿ. ಎಳೆಯದರಲ್ಲೇ ತುದಿ ಚಿವುಟಿದರೆ ಅದು ನಾಲ್ಕಾರು ಕವಲೊಡೆದು ಪೊದೆಯಾಗಿ ಮೈತುಂಬ ಹೂ ಬಿಡುತ್ತದೆ. ಮಕ್ಕಳನ್ನೇ ಗದರಿಸದ ನಿಮಗೆ ಗಿಡ ಚಿವುಟಲು ಮನಸ್ಸು ಬಾರದು. ಹಾಗೇ ಬಿಡಿ. ಒಂದೇ ಕಡ್ಡಿಯಾಗಿ ಎದೆಮಟ್ಟ ಬೆಳೆದು ತುದಿಯಲ್ಲಿ ಒಂದೆರಡು ಹೂ ಬಿಟ್ಟು ಪಕ್ಕಕ್ಕೆ ವಾಲುತ್ತದೆ. ಆಗ ಹಳೆಯ ಕೇಬಲ್ ವೈರಿನಿಂದ ಬಾಲ್ಕನಿಯ ಸರಳಿಗೆ ಕಟ್ಟಿಹಾಕಿ.

ಹೆಜ್ಜೆ 6: ಕತ್ತಲೆಯನ್ನು ಓಡಿಸಿ

ಈ ಹೆಜ್ಜೆ ಬಹಳ ಜನಕ್ಕೆ ಗೊತ್ತಿಲ್ಲ. ಗಮನವಿಟ್ಟು ಓದಿ. ಸೇವಂತಿಗೆ, ಪಾಯಿನ್‌ಸೆಟಿಯದಂಥ ಗಿಡಗಳು ಮೊಗ್ಗು ಕಟ್ಟಬೇಕೋ ಬೇಡವೋ ಎಂಬುದನ್ನು ರಾತ್ರಿಯ ಉದ್ದ ಅಳೆದು ತೀರ್ಮಾನಿಸುತ್ತವೆ. ಸೇವಂತಿಗೆ ಬೆಳೆಗಾರರು ಹೊಲದಲ್ಲಿ ಬಲ್ಬುಗಳನ್ನು ಉರಿಸಿ ಮೊಗ್ಗನ್ನು ತಡೆಹಿಡಿದು, ಬೇಕಾದ ಕಾಲಕ್ಕೆ ದೀಪ ಆರಿಸಿ ಹೂ ತೆಗೆಯುವುದು ಇದೇ ಲೆಕ್ಕದಲ್ಲಿ. ಆ ಅರ್ಧ ವಿದ್ಯೆ ನಿಮಗೆ ಸಾಕು. ದೀಪ ಹಾಕಿ, ಆರಿಸಬೇಡಿ.

ಪಾಯಿನ್‌ಸೆಟಿಯ ಮೆಕ್ಸಿಕೋದ ಗಿಡ. ಅದರಲ್ಲಿ ಕೆಂಪಗೆ ಕಾಣುವುದು ಹೂವಲ್ಲ, ಎಲೆ. ನಡುವಿನ ಪುಟ್ಟ ಹಳದಿ ಗುಂಡುಗಳೇ ಹೂ. ಆ ಎಲೆ ಕೆಂಪಾಗಲು ಸುಮಾರು ಎರಡು ತಿಂಗಳು ದಿನಾ ಹನ್ನೆರಡು ಗಂಟೆಗೂ ಮೀರಿದ ಗಟ್ಟಿ ಕತ್ತಲೆ ಬೇಕು. ಡಿಸೆಂಬರಿನ ಬೆಂಗಳೂರು ಹನ್ನೆರಡೂವರೆ ಗಂಟೆಯ ರಾತ್ರಿಯನ್ನು ತಾನಾಗಿ ಕೊಡುತ್ತದೆ. ಅದನ್ನು ಕಸಿದುಕೊಳ್ಳುವುದು ನಿಮ್ಮ ಕೆಲಸ. ದೀಪಾವಳಿಗೆ ತಂದ ಸೀರಿಯಲ್ ಸೆಟ್ಟನ್ನು ಗಿಡಕ್ಕೇ ಸುತ್ತಿ. ಬೀದಿದೀಪದ ನೇರಕ್ಕೆ ಕುಂಡ ಇಡಿ. ಮಧ್ಯರಾತ್ರಿ ಸಿಗರೇಟು ಸೇದಲು ಬರುವವರು ಬಾಲ್ಕನಿಯ ಟ್ಯೂಬ್‌ಲೈಟ್ ಹಾಕಲಿ. ಗಿಡ ಹಸಿರಾಗಿಯೇ ಉಳಿದರೆ, ನರ್ಸರಿಯವನು ಬಣ್ಣ ಬಳಿದು ಮಾರಿದ್ದನೆಂದು ಎಲ್ಲರಿಗೂ ಹೇಳಿ.

ಹೆಜ್ಜೆ 7: ಬಾಡಿದ್ದನ್ನು ಬಿಡಿ, ಮೊಗ್ಗನ್ನು ಕೀಳಿ

ಬಾಡಿದ ಹೂವನ್ನು ತೆಗೆದರೆ ಚೆಂಡುಹೂ, ಪೆಟೂನಿಯ, ಡೇಲಿಯಗಳು ಮತ್ತೆ ಮೊಗ್ಗು ಹಿಡಿಯುತ್ತವೆ. ತೆಗೆಯದಿದ್ದರೆ ಬೀಜ ಕಟ್ಟಲು ಶಕ್ತಿ ಸುರಿದು ಸುಮ್ಮನಾಗುತ್ತವೆ. ಆದ್ದರಿಂದ ನಿಮ್ಮ ಗಿಡದ ಒಂದು ಎಸಳನ್ನೂ ಮುಟ್ಟಬೇಡಿ.

ಪೂಜೆಗೆ ಹೂ ಬೇಕಲ್ಲ? ಧನುರ್ಮಾಸ ಬಂದಿದೆ. ನಸುಕಿನಲ್ಲಿ ಎದ್ದು ಮಂಕಿಕ್ಯಾಪ್ ಹಾಕಿ, ಪ್ಲಾಸ್ಟಿಕ್ ಕವರು, ತುದಿಗೆ ಕೊಕ್ಕೆಯಿರುವ ಕೋಲು ಹಿಡಿದು ವಾಕಿಂಗ್ ಹೊರಡಿ. ಕಾಂಪೌಂಡಿನಿಂದ ಹೊರಚಾಚಿದ್ದೆಲ್ಲ ಸಾರ್ವಜನಿಕ ಆಸ್ತಿ. ಒಳಗಿದ್ದುದು ಕೋಲಿಗೆ ಎಟುಕಿದರೆ ಅದೂ ಸಾರ್ವಜನಿಕವೇ. ಅರಳಿದ್ದನ್ನು ಕಿತ್ತರೆ ಮನೆಯವರ ಗಿಡಕ್ಕೆ ಉಪಕಾರವಾಗಿಬಿಡುತ್ತದೆ, ಮೊಗ್ಗನ್ನೇ ಕೀಳಿ. ರೆಂಬೆ ಮುರಿದರೆ ಅದನ್ನು ಗೋಡೆಯ ಆಚೆಗೆ ಗೌರವದಿಂದ ಎಸೆಯಿರಿ. ಯಾರಾದರೂ ಬಾಗಿಲು ತೆರೆದು ನೋಡಿದರೆ "ದೇವರಿಗೆ ಸ್ವಾಮಿ" ಎನ್ನಿ. ಆ ಮಾತಿಗೆ ಎದುರಾಡುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ.

ಹೆಜ್ಜೆ 8: ಎಲ್ಲವನ್ನೂ ಒಂದೇ ವಾರಕ್ಕೆ ಕಟ್ಟಿ

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಅರಳುವ ಹಾಗೆ ಸಾಲುಮರ ಆರಿಸಿದ್ದಕ್ಕೆ ಹೆಸರಾದವರು. ವರ್ಷವಿಡೀ ಊರಿನಲ್ಲಿ ಎಲ್ಲೋ ಒಂದು ಕಡೆ ಬಣ್ಣವಿರಬೇಕೆಂಬ ಲೆಕ್ಕ ಅದು. ನಿಮ್ಮ ಲೆಕ್ಕ ಬೇರೆ: ಹೊಸ ವರ್ಷದ ದಿನ ನೆಂಟರು ಬರುತ್ತಾರೆ, ಅಂದು ಎಲ್ಲ ಅರಳಿರಬೇಕು. ಹಾಗೆಯೇ ಖರೀದಿಸಿ. ಹಾಗೆ ಮಾಡಿದವರ ಗಿಡಗಳೆಲ್ಲ ಡಿಸೆಂಬರ್ 25ರಿಂದ 30ರವರೆಗೆ, ಅವರು ಗೋಕರ್ಣಕ್ಕೆ ಹೋಗಿದ್ದಾಗ, ಅರಳಿ ಮುಗಿಯುವುದು ವಾಡಿಕೆ. ಊರಿಗೆ ಹೋಗುವ ಮುನ್ನ ಕುಂಡಗಳನ್ನು ಬಚ್ಚಲುಮನೆಯೊಳಗಿಟ್ಟು ಬಾಗಿಲು ಹಾಕಿ.

ಜನವರಿಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹೋಗಿ. ಗಾಜಿನ ಮನೆ ಕಾಣದಂತೆ, ಪೆಟೂನಿಯದ ಒಂದು ಮೂಲೆ ಮಾತ್ರ ಬರುವಂತೆ ಫೋಟೊ ತೆಗೆಯಿರಿ. "ನಮ್ಮ ಕೈತೋಟದಲ್ಲಿ ಈ ಬೆಳಗ್ಗೆ" ಎಂದು ಬರೆದು ಬಂಧುಗಳ ಗುಂಪಿಗೆ ಕಳಿಸಿ. ಹಿಂದೆ ನಿಂತ ಪೊಲೀಸಿನವರನ್ನು ಕತ್ತರಿಸಲು ಮರೆಯಬೇಡಿ.

ತೊಂದರೆ ಮತ್ತು ಪರಿಹಾರ

ಎಲ್ಲ ಸೂಚನೆಗಳನ್ನು ತಪ್ಪದೆ ಪಾಲಿಸಿದರೂ ಒಂದು ಗಿಡ ಹೂ ಬಿಡುತ್ತಲೇ ಇದ್ದರೆ ಗಾಬರಿಯಾಗಬೇಡಿ. ಅದು ಬಹುಶಃ ಮೋರಿಯ ಪಕ್ಕದ ಸ್ಫಟಿಕ. ಡಿಸೆಂಬರ್ ಹೂ ಎಂದೂ ಕರೆಯುತ್ತಾರೆ. ಅದನ್ನು ಯಾರೂ ಕೊಂಡು ತಂದಿರುವುದಿಲ್ಲ. ಅಜ್ಜಿ ಯಾರದೋ ಮನೆಯಿಂದ ಕಡ್ಡಿ ತಂದು ಚುಚ್ಚಿರುತ್ತಾರೆ. ಗೊಬ್ಬರ ಕೇಳದು, ಚಳಿಗೆ ಅಂಜದು. ನೇರಳೆ, ಬಿಳಿ, ತಿಳಿಗುಲಾಬಿ ಬಣ್ಣದಲ್ಲಿ ತಿಂಗಳಾನುಗಟ್ಟಲೆ ಅರಳುತ್ತದೆ. ವಾಸನೆ ಇಲ್ಲದಿದ್ದರೂ ಮಾಲೆಗೆ ಒದಗುತ್ತದೆ. ಒಣಗಿದ ಕಾಯಿ ಸಿಡಿದು ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳುತ್ತದೆ.

ಮೊದಲು ಅದನ್ನು ಕಳೆ ಎಂದು ಕರೆಯಿರಿ. ಆಮೇಲೆ ಬುಡಕ್ಕೆ ಕಡಿಯಿರಿ. ಮಳೆ ಬಿದ್ದೊಡನೆ ಚಿಗುರಿದರೆ ಬೇರು ಸಮೇತ ಕೀಳಿಸಿ. ಮತ್ತೆ ಸಸಿ ಎದ್ದರೆ ಮೇಸ್ತ್ರಿಯನ್ನು ಕರೆದು ಆ ಜಾಗಕ್ಕೆ ಮೂರು ಅಂಗುಲ ಕಾಂಕ್ರೀಟ್ ಹಾಕಿಸಿ. ಸ್ಕೂಟರ್ ನಿಲ್ಲಿಸಲೂ ಅನುಕೂಲ. ಹೊಸ ಕಾಂಕ್ರೀಟಿನ ಆರೈಕೆಯಲ್ಲಿ ಮಾತ್ರ ಉದಾಸೀನ ಕೂಡದು. ಕನಿಷ್ಠ ಒಂದು ವಾರ, ಒಣಗಲು ಬಿಡದೆ, ಹೊತ್ತು ಹೊತ್ತಿಗೆ ಮುಟ್ಟಿ ನೋಡಿ, ಬೇಕಾದಷ್ಟೇ ನೀರು ಹಾಕಿ.