ಹಾಲಿನ ಬಾಟಲಿ: ಬಳಕೆದಾರರ ಕೈಪಿಡಿ (ತೂಕ ಸಾಲದ ಮಕ್ಕಳ ಆವೃತ್ತಿ)

ಹಾಲಿನ ಬಾಟಲಿ ಕೊಂಡದ್ದಕ್ಕೆ ಅಭಿನಂದನೆಗಳು. ಜಾಹೀರಾತು ನೋಡಿ ಮರುಳಾಗಿ ಕೊಂಡೆವು ಎನ್ನುವಂತಿಲ್ಲ. 1992ರ ಕಾಯ್ದೆ ಬಾಟಲಿಯ ಜಾಹೀರಾತನ್ನೇ ನಿಷೇಧಿಸಿದೆ. ಪ್ರಚಾರ ಮಾಡಿದ್ದು ಅತ್ತೆ, ಎದುರುಮನೆಯವರು, ಮತ್ತು ಬಸ್ಸಿನಲ್ಲಿ ಪಕ್ಕ ಕೂತು "ಯಾಕಮ್ಮಾ ಮಗು ಹಿಂಗೆ ಸೊರಗಿದೆ, ಏನೂ ತಿನ್ನಿಸಲ್ವಾ?" ಎಂದ ಗುರುತು ಪರಿಚಯ ಇಲ್ಲದ ಹೆಂಗಸು. ಇವರ್‍ಯಾರೂ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಬಿಡಿಭಾಗಗಳು: ಬಾಟಲಿ, ನಿಪ್ಪಲ್, ಎಲ್ಲಿಟ್ಟರೂ ಕಳೆದುಹೋಗುವ ಮುಚ್ಚಳ. ಸಕ್ಕರೆ ಡಬ್ಬಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಅಜ್ಜಿ ಮನೆಯಲ್ಲಿ ಮೊದಲೇ ಇರುತ್ತಾರೆ.

ಬಳಸುವ ವಿಧಾನ

ಮಗುವಿಗೆ ಎರಡೂವರೆ ವರ್ಷ ಆಗಿರಲಿ. ವರ್ಷ ತುಂಬಿದ ಮೇಲೆ ಲೋಟಕ್ಕೆ ರೂಢಿ ಮಾಡಿಸಿ, ಒಂದೂವರೆ ವರ್ಷದೊಳಗೆ ಬಾಟಲಿ ಪೂರ್ತಿ ಬಿಡಿಸಿ ಎಂದು ಮಕ್ಕಳ ಡಾಕ್ಟರು ಹೇಳಿದ್ದು ದಪ್ಪ ಮಕ್ಕಳಿಗೆ ಎಂದುಕೊಳ್ಳಿ. ರಾತ್ರಿ ಊಟಕ್ಕೆ ಮಗು ಎರಡು ತುತ್ತು ತಿಂದು ಬಾಯಿ ಬಿಗಿಹಿಡಿದಾಗ "ಹೋಗ್ಲಿ ಬಿಡು, ಹಾಲಾದ್ರೂ ಕುಡೀಲಿ" ಎಂಬ ಮಂತ್ರ ಹೇಳಿ. 200 ಮಿಲಿ ಹಾಲಿಗೆ ಎರಡು ಚಮಚ ಸಕ್ಕರೆ ಕದಡಿ. ಮಲಗಿಸಿ, ಬಾಯಿಗಿಟ್ಟು, ದೀಪ ಆರಿಸಿ.

ಉಳಿದ ಕೆಲಸ ಯಂತ್ರದ್ದೇ. ನಿದ್ದೆಯಲ್ಲಿ ಜೊಲ್ಲು ಊರುವುದು ಕಡಿಮೆ, ನುಂಗುವುದೂ ಕಡಿಮೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಕಾಯುತ್ತದೆ. ಮೇಲಿನ ನಾಲ್ಕು ಮುಂದಿನ ಹಲ್ಲುಗಳ ಮೇಲೆ ಸಿಹಿಹಾಲು ಹಾಗೆಯೇ ನಿಲ್ಲುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಆ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಹಾಲುಹಲ್ಲಿನ ಎನಾಮೆಲ್ ಮೊದಲೇ ತೆಳು. ಮೇಲ್ದುಟಿ ಎತ್ತಿ ನೋಡಿದರೆ ಒಸಡಿನ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಬೆಳ್ಳಗೆ ಕಾಣುತ್ತದೆ. ಹಾಲಿನ ಕಲೆ ಎಂದು ಒರೆಸಿ, ಹೋಗುವುದಿಲ್ಲ. ಈ ಹಂತದಲ್ಲಿ ಫ್ಲೋರೈಡ್‌ನಿಂದ ತಡೆಯಬಹುದಿತ್ತು, ಆದ್ದರಿಂದ ಯಾರಿಗೂ ತೋರಿಸಬೇಡಿ. ಮುಂದೆ ಹಲ್ಲು ಕಂದಾಗಿ, ಕಪ್ಪಾಗಿ, ಮೊಟಕಾಗುತ್ತದೆ.

ತೂಕ ನೋಡುವ ಕ್ರಮ

ಅಂಗನವಾಡಿಗೆ ಹೊರಡುವ ಮುನ್ನ ಒಂದು ಬಾಟಲಿ ಭರ್ತಿ ಕುಡಿಸಿ. 200 ಮಿಲಿ ಹಾಲು ಎಂದರೆ ಸುಮಾರು 200 ಗ್ರಾಂ. ಈ ವಯಸ್ಸಿನ ಮಗು ವರ್ಷಕ್ಕೆ ಏರುವುದೇ ಎರಡು ಕೆ.ಜಿ. ಆಸುಪಾಸು. ಅಂದರೆ ತಿಂಗಳಿಡೀ ಏರಬೇಕಾದ ತೂಕವನ್ನು ಹತ್ತು ನಿಮಿಷದಲ್ಲಿ ಏರಿಸಿದಿರಿ. ತಾಯಿ ಕಾರ್ಡಿನಲ್ಲಿ ಚುಕ್ಕೆ ಮೇಲೇರುತ್ತದೆ, ಅಜ್ಜಿಯ ಮುಖ ಅರಳುತ್ತದೆ. ದಾರಿಯಲ್ಲಿ ಮಗು ಉಚ್ಚೆ ಹೊಯ್ಯುವವರೆಗೆ ಈ ಏಳಿಗೆಗೆ ಗ್ಯಾರಂಟಿ ಇದೆ.

ತೋಳಿನ ಸುತ್ತಳತೆಯ ಪಟ್ಟಿ ಕೆಂಪು ತೋರಿಸಿದರೆ, ಅಂದರೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ತಮಾಷೆ ಸಾಕು. ಈ ಕೈಪಿಡಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿರುವುದು ಅಂಥ ಮಕ್ಕಳಿಗಾಗಿಯೇ.

ದೋಷ ಪತ್ತೆ

"ಬಾಟಲಿ ಕೊಟ್ಟರೂ ಮಗು ಊಟ ಮಾಡುತ್ತಿಲ್ಲ." ಕೊಟ್ಟಿದ್ದಕ್ಕೇ ಮಾಡುತ್ತಿಲ್ಲ. ರಾತ್ರಿ ಎರಡು ಬಾಟಲಿ ಇಳಿಸಿದ ಹೊಟ್ಟೆಗೆ ಬೆಳಗಿನ ಇಡ್ಲಿ ಯಾಕೆ ಬೇಕು? ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಮ್ಮಿ. ಹಾಲಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದರೆ ಹಸಿವೂ ಸಾಯುತ್ತದೆ.

"ಸಕ್ಕರೆ ಹಾಕದಿದ್ದರೆ ಶಕ್ತಿ ಎಲ್ಲಿಂದ ಬರಬೇಕು?" ಒಂದು ಚಮಚ ಸಕ್ಕರೆಯಲ್ಲಿ ಸುಮಾರು 20 ಕ್ಯಾಲೊರಿ, ಒಂದು ಚಮಚ ತುಪ್ಪದಲ್ಲಿ 45. ತುಪ್ಪದಿಂದ ಹಲ್ಲು ಹುಳುಕಾಗುವುದಿಲ್ಲ. ತೂಕಕ್ಕೋ ಹಲ್ಲಿಗೋ ಎಂಬ ಜಗಳ ಅರ್ಧ ಮುಗಿಯುವುದು ಇಲ್ಲೇ. ಗಟ್ಟಿ ರಾಗಿ ಸರಿ, ಬೇಳೆ ಹಾಕಿದ ಮೆದು ಅನ್ನ, ಮೊಟ್ಟೆ, ನುಣ್ಣಗೆ ಪುಡಿ ಮಾಡಿದ ಶೇಂಗಾ: ಯಾವುದಕ್ಕೂ ನಿಪ್ಪಲ್ ಬೇಡ.

"ಹಾಲುಹಲ್ಲು ತಾನೆ, ಬಿದ್ದು ಬೇರೆ ಬರುತ್ತೆ." ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ಹಿಂದಿನ ದವಡೆ ಹಲ್ಲುಗಳು ಹತ್ತು ಹನ್ನೆರಡರವರೆಗೂ ಇರಬೇಕು. ಹುಳುಕು ಅಲ್ಲಿಗೂ ಹಬ್ಬಿತೆನ್ನಿ: ಮಗು ತುತ್ತನ್ನು ಒಂದೇ ಕೆನ್ನೆಗೆ ಸರಿಸಿ ಇಟ್ಟುಕೊಳ್ಳುತ್ತದೆ, ರೊಟ್ಟಿ ಕಂಡರೆ ಮುಖ ತಿರುವುತ್ತದೆ, ನಡುರಾತ್ರಿ ಎದ್ದು ಅಳುತ್ತದೆ. ಅಳು ನಿಲ್ಲಿಸಲು ನೀವು ಇನ್ನೊಂದು ಬಾಟಲಿ ಕೊಡುತ್ತೀರಿ. ತೂಕ ಏರಿಸಲೆಂದು ತಂದ ಯಂತ್ರ ತೂಕ ಇಳಿಸುವುದು ಹೀಗೆ.

ಯಂತ್ರ ನಿಲ್ಲಿಸುವುದು

ಒಂದೇ ದಿನಕ್ಕೆ ಕಿತ್ತುಕೊಳ್ಳಬೇಡಿ. ತೂಕ ಸಾಲದ ಮಗುವಿನ ಹಾಲು ತಪ್ಪಿಸುವುದೂ ತರವಲ್ಲ. ಹಗಲಿನ ಹಾಲು ಸಕ್ಕರೆಯಿಲ್ಲದೆ ಲೋಟಕ್ಕೆ ಬರಲಿ, ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ರಾತ್ರಿ ಬಾಟಲಿಗೆ ಮೊದಲು ಸಕ್ಕರೆ ಹಾಕುವುದನ್ನು ನಿಲ್ಲಿಸಿ, ಆಮೇಲೆ ದಿನದಿನಕ್ಕೆ ನೀರು ಹೆಚ್ಚಿಸಿ. ಕಡಿಮೆಯಾದದ್ದನ್ನು ರಾತ್ರಿ ಊಟದಲ್ಲಿ ತುಪ್ಪ ಹಾಕಿ ತುಂಬಿಸಿ. ಬರೀ ನೀರಿಗೆ ಬಂದಾಗ ಮಗುವೇ ಬಾಟಲಿ ಎಸೆಯುವ ಸಂಭವ ಹೆಚ್ಚು. ಮಲಗುವ ಮುಂಚೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ನೀವೇ ಹಲ್ಲುಜ್ಜಿಸಿ.

ಅಜ್ಜಿ ತಕರಾರು ತೆಗೆದರೆ ಒಳಲೆಯ ನೆನಪು ಮಾಡಿಕೊಡಿ. ಅವರು ಮಕ್ಕಳನ್ನು ಸಾಕಿದ ಕಾಲದಲ್ಲಿ ಹಾಲು, ಔಷಧ ಎಲ್ಲ ಅದರಲ್ಲೇ ಇಳಿಯುತ್ತಿತ್ತು. ಬಾಯಲ್ಲಿಟ್ಟುಕೊಂಡು ನಿದ್ದೆ ಮಾಡುವ ಸೌಲಭ್ಯ ಅದರಲ್ಲಿ ಇರಲಿಲ್ಲ.

ಖಾಲಿ ಬಾಟಲಿಯನ್ನು ನಾದಿನಿಯ ಬಾಣಂತನಕ್ಕೆ ಆಗುತ್ತದೆಂದು ಎತ್ತಿಡಬೇಡಿ.