ಪ್ಲಾನಪ್ಪನ ಅಪ್ಪೆಮಿಡಿ

ಬೆಂಗಳೂರಿನಲ್ಲಿ ಐಟಿ ಕೆಲಸ ಬಿಟ್ಟವರು, ಕೆಲಸವೇ ಬಿಟ್ಟುಹೋದವರು, ಪ್ರತಿ ಸೋಮವಾರ ಬೆಳಿಗ್ಗೆ ‘ಇವತ್ತು ಬಿಟ್ಟೇಬಿಡ್ತೀನಿ’ ಅನ್ನುವವರು ಎಂದು ಮೂರು ಪಂಗಡ. ಮೂರರಲ್ಲೂ ಧಾರಾಳವಾಗಿ ಸಿಗುವವನು ಪ್ಲಾನಪ್ಪ. ಹೆಸರು ನಾವಿಟ್ಟದ್ದು, ಲಿಂಕ್ಡ್‌ಇನ್‌ನಲ್ಲಿ ಅವನು ‘ಫೌಂಡರ್ ಅಂಡ್ ಸಿಇಒ’. ಕಂಪನಿಯಲ್ಲಿರುವುದು ಇಬ್ಬರೇ. ಒಬ್ಬ ಇವನು, ಇನ್ನೊಬ್ಬರು ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮ. ತಾನು ಕಂಪನಿಯಲ್ಲಿರುವ ಸಂಗತಿ ಚಿಕ್ಕಮ್ಮನಿಗೆ ಗೊತ್ತಿಲ್ಲ. ಆಕೆ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರುವುದು ಇವನ ಉದ್ಯಮ. ಮಾರುವ ಮೊದಲು ಮಾರ್ಕೆಟಿಂಗ್ ಪ್ಲಾನ್ ಆಗಬೇಕಲ್ಲ? ಆಗುತ್ತಿದೆ.

ಪ್ಲಾನಿಗೆ ಈಗ 64 ಸ್ಲೈಡು. ಮೂರನೆಯದರಲ್ಲಿ ನಾಲ್ಕು ‘ಪಿ’ಗಳು ಪ್ರತಿಷ್ಠಾಪನೆಗೊಂಡಿವೆ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಅಮೆರಿಕದ ಪ್ರೊಫೆಸರ್ ಜೆರೋಮ್ ಮೆಕಾರ್ಥಿ 1960ರ ತಮ್ಮ ಪಠ್ಯಪುಸ್ತಕದಲ್ಲಿ ಜೋಡಿಸಿಟ್ಟ ಈ ನಾಲ್ಕು ಅಕ್ಷರಗಳನ್ನು ಪ್ಲಾನಪ್ಪ ಗಾಯತ್ರಿಯಷ್ಟೇ ಭಕ್ತಿಯಿಂದ ಉಚ್ಚರಿಸುತ್ತಾನೆ. ‘ಪ್ಲೇಸ್’ ಎದುರಿಗೆ ‘ಪ್ಯಾನ್ ಇಂಡಿಯಾ, ಆಮೇಲೆ ನ್ಯೂಜೆರ್ಸಿ’ ಎಂದಿದೆ. ‘ಪ್ರೈಸ್’ ಎದುರಿಗೆ 399 ರೂಪಾಯಿ. ನಾನೂರು ಅಂದರೆ ಗಿರಾಕಿ ಹೆದರುತ್ತಾನಂತೆ. ‘ಪ್ರಾಡಕ್ಟ್’ ಎದುರಿಗೆ ಚಿಕ್ಕಮ್ಮನ ಭರಣಿಯ ಫೋಟೊ. ಹಿಂದಿದ್ದ ಒಲೆ, ಬೆಕ್ಕು, ಚಿಕ್ಕಮ್ಮ ಮೂರನ್ನೂ ಮಸುಕು ಮಾಡಲಾಗಿದೆ.

ಪ್ಲಾನಿನ ಜೀವಾಳವೆಂದರೆ ಹನ್ನೊಂದನೇ ಸ್ಲೈಡಿನ ‘ಐಡಿಯಲ್ ಕಸ್ಟಮರ್’. ಅವಳಿಗೆ ಮೂವತ್ತೆರಡು ವರ್ಷ. ಎಚ್‌ಎಸ್‌ಆರ್ ಲೇಔಟಿನಲ್ಲಿ ವಾಸ. ಬೆಳಿಗ್ಗೆ ಯೋಗ, ವಾರಾಂತ್ಯಕ್ಕೆ ಚಾರಣ, ಸಾಕಿದ ನಾಯಿಗೆ ಗ್ಲೂಟನ್ ಆಗಿಬರುವುದಿಲ್ಲ. ಅಜ್ಜಿಯ ಊರಿನ ನೆನಪಾದರೆ ಅವಳ ಕಣ್ಣು ತೇವವಾಗುತ್ತದೆ, ಆ ಹೊತ್ತಿಗೆ ಸರಿಯಾಗಿ ನಮ್ಮ ಜಾಹೀರಾತು ಅವಳ ಮೊಬೈಲಿನಲ್ಲಿ ಕಾಣಿಸಿಕೊಳ್ಳಬೇಕು. ಅವಳಿಗೊಂದು ಹೆಸರನ್ನೂ ಇಟ್ಟಿದ್ದಾನೆ, ಹೆಂಡತಿ ಮನೆಯಲ್ಲಿರುವಾಗ ಆ ಹೆಸರನ್ನು ಎತ್ತುವುದಿಲ್ಲ. ಅವಳು ರಾತ್ರಿ ಎಷ್ಟು ಗಂಟೆಗೆ ಫೋನ್ ಕೆಳಗಿಡುತ್ತಾಳೆ ಎನ್ನುವುದು ಇವನಿಗೆ ಗೊತ್ತು. ಹೆಂಡತಿಗೆ ಖಾರ ಆಗುವುದಿಲ್ಲ ಎನ್ನುವುದು ಮಾತ್ರ ಈಚೆಗೆ ಗೊತ್ತಾಯಿತು.

ಇಂಥ ಕರಾರುವಾಕ್ಕು ಲೆಕ್ಕಾಚಾರದ ನಡುವೆ ಇನ್‌ಸ್ಟಾಗ್ರಾಂ ಪುಟಕ್ಕೆ ಮೊದಲ ಆರ್ಡರು ಬಂದುಬಿಟ್ಟಿತು. ಕೊಟ್ಟವರು ರಾಣೆಬೆನ್ನೂರಿನ ನಿವೃತ್ತ ಮೇಷ್ಟ್ರು. ‘ಎರಡು ಬಾಟ್ಲಿ ಕಳಸ್ರಿ. ರೊಕ್ಕ ಬಾಟ್ಲಿ ಬಂದ ಮ್ಯಾಲೆ.’ ಪ್ಲಾನಪ್ಪನಿಗೆ ನಿಜವಾಗಿ ನೋವಾಯಿತು. ಯೋಗವಿಲ್ಲ, ಚಾರಣವಿಲ್ಲ, ನಾಯಿಯ ಸುದ್ದಿಯೇ ಇಲ್ಲ. ‘ಇವರು ನಮ್ಮ ಟಾರ್ಗೆಟ್ ಸೆಗ್ಮೆಂಟ್ ಅಲ್ಲ’ ಅಂದ. ಅಪರಿಚಿತ ಅಂಗಡಿಗೆ ಮೊದಲೇ ದುಡ್ಡು ಕಳಿಸಲು ಹಿಂಜರಿಯುವ ಇಂಥವರನ್ನು ಒಲಿಸಿಕೊಳ್ಳಲೆಂದೇ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಶುರುಮಾಡಿತ್ತು. ಅದೂ ಪ್ಲಾನಪ್ಪನಿಗೆ ಗೊತ್ತು, 27ನೇ ಸ್ಲೈಡಿನಲ್ಲಿದೆ. ಆದರೆ ಪಾರ್ಸೆಲ್ ವಾಪಸು ಬಂದರೆ ಹೋಗಿಬರುವ ಕೊರಿಯರ್ ಖರ್ಚು ಮಾರುವವನ ತಲೆಗೇ ಎಂದು 28ನೇ ಸ್ಲೈಡಿನಲ್ಲಿದೆ. ಎರಡು ಸ್ಲೈಡುಗಳ ಜಗಳ ಇತ್ಯರ್ಥವಾಗುವವರೆಗೆ ಮೇಷ್ಟ್ರು ಕಾಯಬೇಕು.

ಅಂದಹಾಗೆ, ಫ್ಲಿಪ್‌ಕಾರ್ಟ್ ಇವನ ಕುಲದೈವ. 2007ರಲ್ಲಿ ಕೋರಮಂಗಲದ ಫ್ಲ್ಯಾಟಿನಲ್ಲಿ ಶುರುವಾದದ್ದು, ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗಂಗಾರಾಮ್ಸ್ ಪುಸ್ತಕದಂಗಡಿಯ ಎದುರು ನಿಂತು, ಪುಸ್ತಕ ಕೊಂಡು ಹೊರಬಂದವರ ಕೈಗೆ ತಮ್ಮ ವಿಳಾಸವಿದ್ದ ಬುಕ್‌ಮಾರ್ಕ್ ಹಂಚಿದ್ದು, ಮೊದಲ ಆರ್ಡರು ಆಗಿನ ಆಂಧ್ರದ ಮಹಬೂಬ್‌ನಗರದಿಂದ ಬಂದದ್ದು, ಆ ಒಂದು ಪುಸ್ತಕಕ್ಕಾಗಿ ಇಬ್ಬರೂ ಬೆಂಗಳೂರಿನ ಅಂಗಡಿ ಅಂಗಡಿ ಅಲೆದದ್ದು, ಎಲ್ಲ ಬಾಯಿಪಾಠ. ಹೇಳುವಾಗ ಗಂಟಲು ಕಟ್ಟುತ್ತದೆ. ‘ಹಾಗಾದರೆ ಭಾನುವಾರ ಗಾಂಧಿಬಜಾರಿನಲ್ಲಿ ನಿಂತು ನಾಲ್ಕು ಜನಕ್ಕೆ ಉಪ್ಪಿನಕಾಯಿ ರುಚಿ ತೋರಿಸಬಹುದಲ್ಲ?’ ಎಂದು ಯಾರೋ ಕೇಳಿದರು. ‘ಅದು ಸ್ಕೇಲ್ ಆಗಲ್ಲ’ ಎಂದು ತಳ್ಳಿಹಾಕಿದ. ಅವನ ಪ್ರಕಾರ ದೊಡ್ಡವರು ಬಿಸಿಲಿನಲ್ಲಿ ನಿಂತದ್ದು ನಾವು ನೆರಳಿನಲ್ಲಿ ಕೂತು ಕೇಸ್ ಸ್ಟಡಿ ಮಾಡಲಿ ಅಂತ.

ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, 14 ಅಂಕಿಯ ಸಂಖ್ಯೆಯನ್ನು ಲೇಬಲ್ಲಿನಲ್ಲಿ ಅಚ್ಚುಹಾಕಬೇಕು. ಜೊತೆಗೆ ತಯಾರಾದ ದಿನ, ಬ್ಯಾಚ್ ನಂಬರು, ತೂಕ, ಸಸ್ಯಾಹಾರದ ಹಸಿರು ಚುಕ್ಕೆ. ಪ್ಲಾನಿನ ಲೇಬಲ್ಲಿನಲ್ಲಿ ಇರುವುದು ಬ್ರ್ಯಾಂಡಿನ ಕಥೆ. ನದೀತೀರ, ಮಂಜು, ಅಜ್ಜಿಯ ಬಳೆಯ ಸದ್ದು. ಮಂಜಿಗೇ ಜಾಗ ಸಾಲದೆ ಹಸಿರು ಚುಕ್ಕೆ ಬಿಟ್ಟುಹೋಗಿದೆ. ಸೋರದ ಮುಚ್ಚಳ ಯಾವುದು ಎಂಬ ಪ್ರಶ್ನೆಗಂತೂ ಸ್ಲೈಡೇ ಇಲ್ಲ. ಮಿಡಿಯ ರಸ ಕೊರಿಯರಿನವರ ಚೀಲದಲ್ಲಿ ಹರಿದರೆ ಬ್ರ್ಯಾಂಡ್ ಅವೇರ್‌ನೆಸ್ ಬೇರೆಯದೇ ಥರ ಆಗುತ್ತದೆ.

ಪ್ಲಾನಪ್ಪ ಸುಮ್ಮನೆ ಕೂತಿದ್ದಾನೆ ಅಂದರೆ ಅನ್ಯಾಯವಾದೀತು. ಭರಣಿಯ ಫೋಟೊವನ್ನು ಐನೂರು ರೂಪಾಯಿ ಕೊಟ್ಟು ಬೂಸ್ಟ್ ಮಾಡಿದ. ರೀಚ್ ಎಷ್ಟು, ಕ್ಲಿಕ್ ಎಷ್ಟು, ಯಾವ ಊರು, ಯಾವ ವಯಸ್ಸು ಎಂದು ಅರ್ಧ ಗಂಟೆಗೊಮ್ಮೆ ಡ್ಯಾಶ್‌ಬೋರ್ಡ್ ನೋಡಿದ. ಲೈಕ್ ಒತ್ತಿದವರಲ್ಲಿ ಹೆಚ್ಚಿನವರು ಹಳೆಯ ಕಂಪನಿಯ ಸಹೋದ್ಯೋಗಿಗಳು. ಅವರಲ್ಲೂ ಒಬ್ಬ ಗಾಣದ ಎಣ್ಣೆಯ ಪ್ಲಾನ್ ಮಾಡುತ್ತಿದ್ದಾನೆ, ಇನ್ನೊಬ್ಬ ಸಿರಿಧಾನ್ಯದ್ದು. ಒಬ್ಬರ ಪೋಸ್ಟಿಗೆ ಇನ್ನೊಬ್ಬರು ಬೆಂಕಿಯ ಎಮೋಜಿ ಹಾಕುತ್ತಾರೆ. ಬಾಟಲಿ ಯಾರೂ ಕೊಳ್ಳುವುದಿಲ್ಲ.

ಈ ನಡುವೆ ಸಾಗರದಿಂದ ಫೋನು. ‘ಮಿಡಿ ಬಂದಿದ್ದು. ಈ ವರ್ಷ ಎಷ್ಟು ತಗಳವು ಹೇಳು.’ ಅಪ್ಪೆಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ತೊಟ್ಟಿರಬೇಕು, ಸೊನೆಯಿರಬೇಕು, ಒಳಗಿನ ಗೊರಟೆ ಬಲಿತಿರಬಾರದು. ಮರದಿಂದ ಉದುರಿಸಿದರೆ ಪೆಟ್ಟುಬಿದ್ದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆಂದು ಹತ್ತುವವರು ಕೊಂಬೆಗೆ ಹೋಗಿ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಅದನ್ನು ಎಣಿಸಿ ಕೊಂಡು, ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಕಾದು, ಆಮೇಲೆ ಸಾಸಿವೆ, ಬ್ಯಾಡಗಿ ಮೆಣಸು ಕಡೆದು ಬೆರೆಸಬೇಕು. ಇಷ್ಟನ್ನೂ ಆಕೆ ಮಾಡುವುದು ಒಂದೂ ಸ್ಲೈಡಿಲ್ಲದೆ. ಪ್ಲಾನಪ್ಪ ಅಂದ: ‘ಡಿಮ್ಯಾಂಡ್ ಫೋರ್‌ಕಾಸ್ಟ್ ಇನ್ನೂ ಫೈನಲ್ ಆಗಿಲ್ಲ ಚಿಕ್ಕಮ್ಮ, ಹದಿನೈದು ದಿನ ಕೊಡಿ.’ ಚಿಕ್ಕಮ್ಮ ಕೊಡುತ್ತಿದ್ದರೋ ಏನೋ, ಮಾವಿನಮರ ಕೊಡಲಿಲ್ಲ. ಆಕೆ ತಮ್ಮ ಮನೆಗೆ, ಇಬ್ಬರು ಹೆಣ್ಣುಮಕ್ಕಳ ಮನೆಗೆ ಆಗುವಷ್ಟು ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು.

ಬೇರೆಯವರಾದರೆ ಇಲ್ಲಿಗೆ ಕೈಚೆಲ್ಲುತ್ತಿದ್ದರು. ಪ್ಲಾನಪ್ಪನಿಗೆ 2014ರಲ್ಲಿ ಶಿಯೋಮಿಯವರ ಎಂಐ 3 ಫೋನು ಫ್ಲಿಪ್‌ಕಾರ್ಟಿನಲ್ಲಿ ಸೆಕೆಂಡುಗಳಲ್ಲಿ ಖಾಲಿಯಾಗಿ ದೇಶವೇ ಹಲುಬಿದ್ದು ನೆನಪಾಯಿತು. ಸಿಗದ ಮಾಲಿಗೇ ಬೆಲೆ. ರಾತ್ರೋರಾತ್ರಿ ಒಂದು ಪೋಸ್ಟ್ ಹಾಕಿದ: ‘ಈ ಸೀಸನ್ನಿನ ಅಪ್ಪೆಮಿಡಿ ಸೋಲ್ಡ್ ಔಟ್! ನಿಮ್ಮ ಪ್ರೀತಿಗೆ ಋಣಿ.’ ಮಾತಿನಲ್ಲಿ ಅರ್ಧ ಸುಳ್ಳಿತ್ತು, ಉಳಿದರ್ಧವೂ ನಿಜವಿರಲಿಲ್ಲ. ಆದರೆ ಅವನ ಪುಟ ಹುಟ್ಟಿದ ಮೇಲೆ ಇಷ್ಟು ಲೈಕು ಯಾವ ಪೋಸ್ಟಿಗೂ ಬಂದಿರಲಿಲ್ಲ. ‘ರೀಸ್ಟಾಕ್ ಯಾವಾಗ?’ ‘ಅಯ್ಯೋ ಮಿಸ್ ಮಾಡ್ಕೊಂಡೆ!’ ಗಾಣದ ಎಣ್ಣೆಯವನು ಅಸೂಯೆಯಿಂದ ಫೋನ್ ಮಾಡಿ, ‘ಹೆಂಗ್ ಮಾಡ್ದೆ ಗುರೂ?’ ಎಂದು ವಿಚಾರಿಸಿದ.

ಆ ಪ್ರಶ್ನೆಯಲ್ಲೇ ಪ್ಲಾನಪ್ಪನಿಗೆ ದಾರಿ ಹೊಳೆಯಿತು. ಮುಂದಿನ ಭಾನುವಾರ ಸಂಜೆ ಅವನದೊಂದು ಆನ್‌ಲೈನ್ ಕಾರ್ಯಾಗಾರವಿದೆ: ‘ಶೂನ್ಯದಿಂದ ಸೋಲ್ಡ್ ಔಟ್‌ವರೆಗೆ’. ಶುಲ್ಕ 99 ರೂಪಾಯಿ. ಈಗಾಗಲೇ ಹನ್ನೊಂದು ಜನ ದುಡ್ಡು ಕಟ್ಟಿದ್ದಾರೆ. ಅದರಲ್ಲೊಬ್ಬರು ರಾಣೆಬೆನ್ನೂರಿನವರು. ಶುಲ್ಕದೊಳಗೆ ಆ ಎರಡು ಬಾಟ್ಲಿ ಸೇರ್ತಾವೇನು ಎಂದು ಕೇಳಿದ್ದಾರೆ.